ಹಳೆಯ ಜಾಝ್: ತಟ್ಟೆಯಲ್ಲಿ ಉಳಿದದ್ದು, ಬೀದಿಯಲ್ಲಿ ಬದುಕಿದ್ದು

1923ರ ಏಪ್ರಿಲ್ ಮೊದಲ ವಾರದಲ್ಲಿ ಶಿಕಾಗೊದಿಂದ ಏಳು ಮಂದಿ ಕಪ್ಪು ವಾದಕರು ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಸಣ್ಣ ಊರಿಗೆ ಬಂದಿಳಿದರು. ಅಲ್ಲಿ ಪಿಯಾನೊ ತಯಾರಿಸುವ ಕಂಪನಿಯೊಂದು ತನ್ನ ಕಾರ್ಖಾನೆಯ ಆವರಣದಲ್ಲೇ ಗೆನೆಟ್ ಎಂಬ ಹೆಸರಿನ ಗ್ರಾಮಫೋನ್ ತಟ್ಟೆಗಳನ್ನೂ ತಯಾರಿಸುತ್ತಿತ್ತು. ಸ್ಟುಡಿಯೋದ ಪಕ್ಕದಲ್ಲೇ ರೈಲು ಹಳಿ. ಆಗಿನ್ನೂ ಮೈಕ್ ಬಂದಿರಲಿಲ್ಲ. ವಾದಕರು ದೊಡ್ಡ ಕೊಳವೆಯೊಂದರ ಬಾಯಿಗೆ ಮುಖಮಾಡಿ ನುಡಿಸಬೇಕು, ಆ ಶಬ್ದದ ಬಲಕ್ಕೇ ಸೂಜಿ ಅಲುಗಾಡಿ ಮೇಣದ ಮೇಲೆ ಗೀರು ಮೂಡಬೇಕು. ಬ್ಯಾಂಡಿನ ಯಜಮಾನ ಜೋ ‘ಕಿಂಗ್’ ಆಲಿವರ್. ಎರಡನೆಯ ಕಾರ್ನೆಟ್ ಹಿಡಿದಿದ್ದವರು ಇಪ್ಪತ್ತೊಂದರ ಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೊದ ಮುಂದೆ ಲಿಲ್ ಹಾರ್ಡಿನ್, ಕ್ಲ್ಯಾರಿನೆಟ್‌ನಲ್ಲಿ ಜಾನಿ ಡಾಡ್ಸ್, ತಾಳದಲ್ಲಿ ಅವರ ತಮ್ಮ ಬೇಬಿ ಡಾಡ್ಸ್. ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು ನಿಮಿಷ ಸಿಗುತ್ತಿತ್ತು. ‘ಡಿಪ್ಪರ್‌ಮೌತ್ ಬ್ಲೂಸ್’ ಮುದ್ರಣಗೊಂಡದ್ದು ಹೀಗೆ. ಆರ್ಮ್‌ಸ್ಟ್ರಾಂಗ್ ಅವರ ಒಂಟಿ ವಾದನ ಮೊದಲ ಸಲ ತಟ್ಟೆಗೆ ಬಂದ ‘ಚೈಮ್ಸ್ ಬ್ಲೂಸ್’ ಕೂಡ ಹೀಗೆಯೇ ಹುಟ್ಟಿತು.

ಅಮೆರಿಕ 2018ರಲ್ಲಿ ಮಾಡಿದ ಕಾನೂನಿನಂತೆ 1922ರವರೆಗಿನ ಧ್ವನಿಮುದ್ರಿಕೆಗಳು 2022ರಲ್ಲಿ, 1923ರವು 2024ರ ಜನವರಿ 1ರಂದು ಹಕ್ಕುಸ್ವಾಮ್ಯದಿಂದ ಬಿಡುಗಡೆಯಾದವು. ಆಲಿವರ್ ಬ್ಯಾಂಡಿನ ಆ ತಟ್ಟೆಗಳನ್ನು ಇಂದು ಅಲ್ಲಿ ಯಾರು ಬೇಕಾದರೂ ಹಂಚಬಹುದು, ಶುದ್ಧಗೊಳಿಸಬಹುದು, ಹೊಸದಕ್ಕೆ ಬಳಸಿಕೊಳ್ಳಬಹುದು. ನೂರು ವರ್ಷದ ಈ ಸಂಗೀತಕ್ಕೆ ಇಂದು ಮತ್ತೆ ಕೇಳುಗರು ಸಿಕ್ಕಿದ್ದಾರೆ, ನುಡಿಸುವವರಲ್ಲಿ ಇಪ್ಪತ್ತರ ಹರೆಯದವರೂ ಇದ್ದಾರೆ. ಇದು ಮೊದಲ ಪುನರುಜ್ಜೀವನವೇನಲ್ಲ. ಕಳೆದ ಎಂಬತ್ತೈದು ವರ್ಷಗಳಲ್ಲಿ ಹಳೆಯ ಜಾಝ್ ಹಲವು ಸಲ ಮತ್ತೆ ಎದ್ದಿದೆ, ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ. ಪ್ರತಿ ಸಲವೂ ಎದ್ದ ಪ್ರಶ್ನೆ ಒಂದೇ. ಉಳಿಸಿಕೊಳ್ಳಬೇಕಾದದ್ದು ಯಾವುದನ್ನು? ತಟ್ಟೆಯಲ್ಲಿ ಕೇಳಿಸುವ ನಾದವನ್ನೋ, ಆ ನಾದ ಹುಟ್ಟಲು ಕಾರಣವಾದ ಬದುಕಿನ ಕ್ರಮವನ್ನೋ? ಈ ಪುನರುಜ್ಜೀವನಗಳ ಕತೆ ಓದಿದಷ್ಟೂ, ಹಳೆಯ ತಟ್ಟೆಗಳನ್ನು ಕೇಳಿದಷ್ಟೂ ಎರಡನೆಯ ಉತ್ತರವೇ ಸರಿಯೆಂದು ನನಗೆ ಗಟ್ಟಿಯಾಗುತ್ತಾ ಬಂದಿದೆ.

ತಟ್ಟೆ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ. ಬೇಬಿ ಡಾಡ್ಸ್ ಆ ಕಾಲದ ದೊಡ್ಡ ತಾಳವಾದಕರು. ಆದರೆ 1923ರ ತಟ್ಟೆಗಳಲ್ಲಿ ಅವರ ದೊಡ್ಡ ಡ್ರಮ್ಮು ಕೇಳಿಸುವುದೇ ಇಲ್ಲ. ಅದರ ಪೆಟ್ಟಿಗೆ ಸೂಜಿ ಗೀರು ಬಿಟ್ಟು ಹಾರುತ್ತದೆಂಬ ಭಯಕ್ಕೆ ಮರದ ತುಂಡಿನ ಮೇಲಷ್ಟೇ ತಟ್ಟಿಸಿದರು. ನೃತ್ಯಶಾಲೆಯಲ್ಲಿ ಹತ್ತು ಹದಿನೈದು ನಿಮಿಷ ಬೆಳೆಯುತ್ತಿದ್ದ ಹಾಡು ಇಲ್ಲಿ ಮೂರೇ ನಿಮಿಷಕ್ಕೆ ಕತ್ತರಿಸಿಕೊಂಡಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಜಾಝ್‌ನ ಮೊದಲ ದೊಡ್ಡ ಕಾರ್ನೆಟ್ ವಾದಕರೆಂದು ನ್ಯೂ ಆರ್ಲಿಯನ್ಸ್ ನೆನೆಯುವ ಬಡ್ಡಿ ಬೋಲ್ಡನ್ ಅವರದು ಒಂದು ಸ್ವರವೂ ಉಳಿದಿಲ್ಲ. 1907ರಲ್ಲಿ ಮಾನಸಿಕ ರೋಗಿಯೆಂದು ಆಸ್ಪತ್ರೆ ಸೇರಿದ ಅವರು 1931ರಲ್ಲಿ ಅಲ್ಲೇ ತೀರಿಕೊಂಡರು. ಮೊದಲ ಜಾಝ್ ತಟ್ಟೆ ಮುದ್ರಣವಾದದ್ದು 1917ರ ಫೆಬ್ರುವರಿ 26ರಂದು, ನ್ಯೂಯಾರ್ಕಿನಲ್ಲಿ. ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡಿನ ಐವರು ಬಿಳಿಯರು. ಕಪ್ಪು ಜನ ಹುಟ್ಟಿಸಿ ಬೆಳೆಸಿದ ಸಂಗೀತದ ಧ್ವನಿಮುದ್ರಿತ ಚರಿತ್ರೆ ಶುರುವಾಗುವುದು ಬಿಳಿಯರ ತಟ್ಟೆಯಿಂದ. ಈ ಅನ್ಯಾಯ ಮುಂದಿನ ಇಡೀ ಕತೆಯನ್ನು ಹಿಂಬಾಲಿಸುತ್ತದೆ.

ಇದರ ಹುಟ್ಟೂರು ನ್ಯೂ ಆರ್ಲಿಯನ್ಸ್, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಬಳಿಯ ಬಂದರು. ಗುಲಾಮಗಿರಿಯ ಕಾಲದಲ್ಲಿ ಭಾನುವಾರದ ಮಧ್ಯಾಹ್ನ ಕಾಂಗೊ ಚೌಕದಲ್ಲಿ ಕೂಡಿ ಡೋಲು ಬಡಿದು ಕುಣಿಯಲು ಗುಲಾಮರಿಗೆ ಅಲ್ಲಿ ಅವಕಾಶವಿತ್ತು. ಅದೇ ಊರಿನಲ್ಲಿ ಫ್ರೆಂಚ್ ಒಪೆರಾ ಇತ್ತು, ಸೇನೆಯ ಹಿತ್ತಾಳೆ ವಾದ್ಯಗಳ ಮೇಳಗಳಿದ್ದವು, ಕ್ಯೂಬಾ ಕಡೆಯಿಂದ ಹಡಗಿನಲ್ಲಿ ಬಂದ ಲಯಗಳಿದ್ದವು, ಚರ್ಚಿನ ಭಜನೆಗಳಿದ್ದವು. ಫ್ರೆಂಚ್ ಮತ್ತು ಆಫ್ರಿಕನ್ ಮೂಲಗಳು ಬೆರೆತ ಕ್ರಿಯೋಲ್ ಕುಟುಂಬಗಳಲ್ಲಿ ಸಂಗೀತವನ್ನು ಲಿಪಿ ನೋಡಿ ಕಲಿಯುವ ಶಿಸ್ತಿತ್ತು. ಟಿಯೊ ಮನೆತನದ ಲೊರೆಂಜೊ ಟಿಯೊ ಜೂನಿಯರ್ ಅವರ ಬಳಿ ಕ್ಲ್ಯಾರಿನೆಟ್ ಕಲಿತವರ ಪಟ್ಟಿಯಲ್ಲಿ ಮುಂದಿನ ತಲೆಮಾರಿನ ಅರ್ಧ ಚರಿತ್ರೆಯಿದೆ. ಊರಿನ ಇನ್ನೊಂದು ಭಾಗದ ಕಪ್ಪು ಜನ ಕಿವಿಯಿಂದ ಕಲಿತು, ಬ್ಲೂಸ್‌ನ ನೋವನ್ನು ತುತ್ತೂರಿಯಲ್ಲಿ ಊದುತ್ತಿದ್ದರು. 1890ರಲ್ಲಿ ಲೂಸಿಯಾನಾ ರೈಲುಗಳಲ್ಲಿ ವರ್ಣಭೇದದ ಕಾನೂನು ತಂದಿತು. ಅದನ್ನು ಪ್ರಶ್ನಿಸಿದ ಹೋಮರ್ ಪ್ಲೆಸ್ಸಿ ಅದೇ ಊರಿನ ಕ್ರಿಯೋಲ್. 1896ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಕ್ರಿಯೋಲರಿಗೆ ಅದುವರೆಗೆ ಇದ್ದ ಅಲ್ಪಸ್ವಲ್ಪ ಸ್ಥಾನಮಾನವೂ ಕರಗಿ, ಲಿಪಿ ಓದುವವರೂ ಕಿವಿಯಿಂದ ಕಲಿತವರೂ ಒಂದೇ ಗೆರೆಯ ಆಚೆ ನಿಲ್ಲಬೇಕಾಯಿತು. ಜಾಝ್ ಹುಟ್ಟಿದ್ದು ಈ ಒತ್ತಟ್ಟಿನಲ್ಲಿ.

ಅದಕ್ಕೆ ಕೆಲಸವೂ ಇತ್ತು. ಪರಸ್ಪರ ನೆರವಿನ ಸಂಘಗಳು ಸದಸ್ಯರಿಂದ ಸಣ್ಣ ವಂತಿಗೆ ಎತ್ತಿ, ಸತ್ತಾಗ ಗೌರವದ ಅಂತ್ಯಕ್ರಿಯೆ ಮಾಡಿಸುತ್ತಿದ್ದವು. ಆ ಗೌರವದ ಮುಖ್ಯ ಭಾಗ ಬ್ಯಾಂಡು. ಸ್ಮಶಾನಕ್ಕೆ ಹೋಗುವಾಗ ನಿಧಾನ ನಡೆಯ ಭಜನೆ, ಮಣ್ಣು ಮಾಡಿ ಮರಳುವಾಗ ಹೆಜ್ಜೆ ಕುಣಿಸುವ ಹಾಡು. ಬ್ಯಾಂಡಿನ ಹಿಂದೆ ಕೊಡೆ ಬಿಚ್ಚಿ, ಕರವಸ್ತ್ರ ಬೀಸುತ್ತ ಕುಣಿಯುವ ಜನರ ಸಾಲಿಗೆ ಅಲ್ಲಿ ಸೆಕೆಂಡ್ ಲೈನ್ ಎನ್ನುತ್ತಾರೆ. ಮದುವೆ, ಸಂಘದ ವಾರ್ಷಿಕ ಮೆರವಣಿಗೆ, ಮೀನು ಕರಿಯುವ ಔತಣ, ನೃತ್ಯಶಾಲೆ, ಸ್ಟೋರಿವಿಲ್‌ನ ವೇಶ್ಯಾಗೃಹಗಳು, ಎಲ್ಲ ಕಡೆಯೂ ಈ ವಾದಕರು ಬೇಕಾಗಿದ್ದರು. ಕೂತು ಕೇಳುವ ಕಛೇರಿಗೆಂದು ಹುಟ್ಟಿದ ಸಂಗೀತ ಇದಲ್ಲ.

ಹಾಗಿದ್ದರೂ ಕೂತು ಕೇಳುವವರನ್ನೂ ಇದು ಬಿಡದೆ ಸೆಳೆಯುತ್ತಿರುವುದೇಕೆ? ನನ್ನ ಮಟ್ಟಿಗೆ ಉತ್ತರ ಮುಂದಿನ ಸಾಲಿನ ಮೂರು ವಾದ್ಯಗಳಲ್ಲಿದೆ. ಕಾರ್ನೆಟ್ ಹಾಡಿನ ಧಾಟಿಯನ್ನು ಹೆಚ್ಚು ಅಲಂಕರಿಸದೆ ಹೇಳುತ್ತ ಹೋಗುತ್ತದೆ. ಕ್ಲ್ಯಾರಿನೆಟ್ ಅದರ ಮೇಲೆ ವೇಗದ ಸ್ವರಗಳ ಬಳ್ಳಿಯನ್ನು ಹಬ್ಬಿಸುತ್ತದೆ. ಟ್ರೊಂಬೋನ್ ಕೆಳಗಿನಿಂದ ಜಾರುತ್ತ, ಉಳಿದಿಬ್ಬರು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಬಂದು ಕೂರುತ್ತದೆ. ಮೂವರದೂ ಮನೋಧರ್ಮ, ಮೂವರೂ ಒಟ್ಟಿಗೆ. ನಮ್ಮ ಕಛೇರಿಯಲ್ಲಿ ಕಲ್ಪನಾಸ್ವರ ಗಾಯಕರಿಂದ ಪಿಟೀಲಿಗೆ, ಪಿಟೀಲಿನಿಂದ ಗಾಯಕರಿಗೆ ಸರದಿಯಲ್ಲಿ ಹೋಗುತ್ತದೆ, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರದು. ಇಲ್ಲಿ ಸರದಿಯೇ ಇಲ್ಲ. ಎಲ್ಲರೂ ಏಕಕಾಲಕ್ಕೆ ಮಾತಾಡುತ್ತಾರೆ, ಆದರೂ ಯಾರ ಮಾತೂ ಮುಚ್ಚಿಹೋಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಮಾತಾಡುತ್ತಲೇ ಇನ್ನಿಬ್ಬರನ್ನು ಆಲಿಸುತ್ತಿರುತ್ತಾರೆ. ಆಲಿವರ್ ತಟ್ಟೆಗಳಲ್ಲಿ ತಾಳ ಹಠಾತ್ತನೆ ನಿಂತು, ಎರಡು ಕಾರ್ನೆಟ್‌ಗಳು ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೆ ಚಿಮ್ಮುವ ಜಾಗಗಳಿವೆ. ಹಿರಿಯ ಮುಂದೆ ಏನು ನುಡಿಸುತ್ತಾನೆಂಬುದನ್ನು ಕಿರಿಯ ಹೇಗೆ ಅರಿತ ಎಂದು ಶಿಕಾಗೊದ ವಾದಕರೆಲ್ಲ ಬೆರಗಾಗಿದ್ದರು. ತಟ್ಟೆಯ ಗೀರುಸದ್ದಿನ ನಡುವೆಯೂ ಆ ಜಾಗಗಳು ಇಂದು ಮೈ ನಡುಗಿಸುತ್ತವೆ.

ಆ ಕಿರಿಯನೇ ಈ ಕ್ರಮವನ್ನು ಮುಗಿಸಿದ್ದು. 1925ರಿಂದ 1928ರವರೆಗೆ ಆರ್ಮ್‌ಸ್ಟ್ರಾಂಗ್ ‘ಹಾಟ್ ಫೈವ್’, ‘ಹಾಟ್ ಸೆವೆನ್’ ಹೆಸರಿನಲ್ಲಿ ಮಾಡಿದ ಮುದ್ರಣಗಳು ಇಪ್ಪತ್ತನೆಯ ಶತಮಾನದ ಸಂಗೀತದ ಶಿಖರಗಳಲ್ಲಿ ಸೇರುತ್ತವೆ. ಆದರೆ ಆ ತಂಡ ಬಹುಮಟ್ಟಿಗೆ ಸ್ಟುಡಿಯೋಗಾಗಿಯೇ ಕೂಡಿದ್ದು. 1928ರ ಜೂನ್‌ನಲ್ಲಿ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಶುರುವಾಗುವುದೇ ಟ್ರಂಪೆಟ್‌ನ ಒಂಟಿ ಆಲಾಪದಿಂದ. ಅದನ್ನು ಕೇಳಿದ ಮೇಲೆ ಜಾಝ್ ಒಬ್ಬ ಮಹಾನ್ ವಾದಕನ ಒಂಟಿ ವಾದನದ ಕಡೆಗೆ ತಿರುಗಿತು. ಕೂಡಿ ನುಡಿಸುವ ನ್ಯೂ ಆರ್ಲಿಯನ್ಸ್ ಬಾಣಿ ಹಿಂದೆ ಬಿತ್ತು, ದೊಡ್ಡ ಸ್ವಿಂಗ್ ಬ್ಯಾಂಡುಗಳ ಕಾಲ ಬಂತು. ಆಲಿವರ್ ಒಸಡಿನ ರೋಗದಿಂದ ನುಡಿಸಲಾಗದೆ, ಸವಾನಾ ಊರಿನಲ್ಲಿ ಕಸ ಗುಡಿಸಿ ಬದುಕಿ 1938ರಲ್ಲಿ ತೀರಿಕೊಂಡರು. ಅದೇ ವರ್ಷ ಇನ್ನೊಬ್ಬ ಮರೆತುಹೋದ ಹಿರಿಯ ಜೆಲ್ಲಿ ರೋಲ್ ಮಾರ್ಟನ್ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮುಂದೆ ಪಿಯಾನೊ ನುಡಿಸುತ್ತ, ಹಾಡುತ್ತ, ತಮ್ಮ ಊರಿನ ಕತೆಯನ್ನು ಗಂಟೆಗಟ್ಟಲೆ ಹೇಳಿದರು. ಯಾವ ತಟ್ಟೆಯೂ ಕೊಡದ ಸುತ್ತಲಿನ ಲೋಕವನ್ನು ಆ ಧ್ವನಿ ಕೊಟ್ಟಿತು.

ಮೊದಲ ಪುನರುಜ್ಜೀವನ ಶುರುವಾದದ್ದು ಆ ಸುಮಾರಿಗೇ, ಹಳೆಯ ತಟ್ಟೆ ಹುಡುಕುವವರಿಂದ. 1939ರಲ್ಲಿ ‘ಜಾಝ್‌ಮೆನ್’ ಪುಸ್ತಕ ಬಂತು. ಅದಕ್ಕಾಗಿ ಹುಡುಕುತ್ತಿದ್ದವರಿಗೆ ಲೂಸಿಯಾನಾದ ನ್ಯೂ ಐಬೀರಿಯಾದಲ್ಲಿ ಬಂಕ್ ಜಾನ್ಸನ್ ಎಂಬ ಹಳೆಯ ಟ್ರಂಪೆಟ್ ವಾದಕರು ಸಿಕ್ಕರು. ಹಲ್ಲುಗಳು ಹೋಗಿದ್ದರಿಂದ ಅವರು ನುಡಿಸುವುದನ್ನು ಬಿಟ್ಟು ಕೂಲಿ ಮಾಡುತ್ತಿದ್ದರು. ಅಭಿಮಾನಿಗಳು ಹಣ ಕೂಡಿಸಿದರು, ಕ್ಲ್ಯಾರಿನೆಟ್ ವಾದಕ ಸಿಡ್ನಿ ಬೆಶೆ ಅವರ ಅಣ್ಣ, ದಂತವೈದ್ಯ ಲಿಯೊನಾರ್ಡ್, ಹಲ್ಲುಸೆಟ್ಟು ಮಾಡಿಕೊಟ್ಟರು. 1942ರಲ್ಲಿ ಬಂಕ್ ಮತ್ತೆ ಮುದ್ರಣಕ್ಕೆ ಕೂತರು. ವಿಲಿಯಂ ರಸೆಲ್ ತಮ್ಮದೇ ಪುಟ್ಟ ಕಂಪನಿ ಕಟ್ಟಿ ಬಂಕ್ ಅವರನ್ನೂ, ಬಂದರಿನಲ್ಲಿ ಹೊರೆ ಹೊರುತ್ತಿದ್ದ ಕ್ಲ್ಯಾರಿನೆಟ್ ವಾದಕ ಜಾರ್ಜ್ ಲೂಯಿಸ್ ಅವರನ್ನೂ ಅಲ್ಲಿಯ ಸಭಾಂಗಣಗಳಲ್ಲಿ, ಮನೆಗಳಲ್ಲಿ ಮುದ್ರಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೂ ವಾಟರ್ಸ್ ಕಟ್ಟಿದ ಬಿಳಿಯರ ತಂಡ ಆಲಿವರ್ ತಟ್ಟೆಗಳ ಎರಡು ಕಾರ್ನೆಟ್ ಕ್ರಮವನ್ನು ಹಾಗೆಯೇ ತಂದಿತು.

ಈ ಜನರ ಋಣ ದೊಡ್ಡದು. ಅವರಿಲ್ಲದಿದ್ದರೆ ಜಾರ್ಜ್ ಲೂಯಿಸ್ ಅವರ ಆ ತೇವದ ಕ್ಲ್ಯಾರಿನೆಟ್ ಬಂದರಿನ ಗದ್ದಲದಲ್ಲೇ ಮುಗಿದುಹೋಗುತ್ತಿತ್ತು. ಆದರೆ ಅವರಿಗೆ ಬೇಕಿದ್ದದ್ದು ಬೋಲ್ಡನ್ ಕಾಲದ ಶುದ್ಧ ಮಾದರಿ. ಬಂಕ್‌ಗೆ ಇಷ್ಟವಾಗಿದ್ದದ್ದು ರೇಡಿಯೋದಲ್ಲಿ ಆಗ ಓಡುತ್ತಿದ್ದ ಹೊಸ ಹಾಡುಗಳನ್ನು ನುಡಿಸುವುದು, ಲಿಪಿ ನೋಡಿ ಹಳೆಯ ರ್‍ಯಾಗ್‌ಟೈಮ್ ನುಡಿಸುವುದು, ಓದಿಕೊಂಡ ವಾದಕರ ಜೊತೆ ಕೂರುವುದು. ನೃತ್ಯಕ್ಕೆ ನುಡಿಸಿ ಬೆಳೆದ ಯಾವ ವಾದಕನೂ ಹಾಗೆಯೇ. ಕುಣಿಯುವವರು ಕೇಳಿದ್ದನ್ನು ನುಡಿಸುವುದೇ ಅವನ ಧರ್ಮ. 1947ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮುಂಚೆ, ತಮಗೆ ಬೇಕಾದ ತಂಡದೊಂದಿಗೆ ಅವರು ಮಾಡಿದ ಕೊನೆಯ ಮುದ್ರಣಗಳಲ್ಲಿ ಆ ಮನಸ್ಸು ಕಾಣುತ್ತದೆ. ಅದೇ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಹಳೆಯ ಜಾಝ್ ಪಕ್ಷದವರಿಗೂ ಹೊಸ ಬೀಬಾಪ್ ಪಕ್ಷದವರಿಗೂ ಕಾದಾಟ ನಡೆದಿತ್ತು. ಸಂಗೀತಕ್ಕೆ ಅದರಿಂದ ಏನೂ ದಕ್ಕಲಿಲ್ಲ.

ಬ್ರಿಟನ್ನಿನಲ್ಲಿ ಇದು ಬೇರೆಯೇ ದಾರಿ ಹಿಡಿಯಿತು. ಕೆನ್ ಕಾಲ್ಯರ್ ಎಂಬ ಕಾರ್ನೆಟ್ ವಾದಕರು ವ್ಯಾಪಾರಿ ಹಡಗಿನಲ್ಲಿ ಕೆಲಸಕ್ಕೆ ಸೇರಿ 1952ರಲ್ಲಿ ನ್ಯೂ ಆರ್ಲಿಯನ್ಸ್ ಮುಟ್ಟಿದರು, ಜಾರ್ಜ್ ಲೂಯಿಸ್ ತಂಡದವರ ಜೊತೆ ಕೂತು ನುಡಿಸಿದರು, ವೀಸಾ ಅವಧಿ ಮೀರಿದ್ದಕ್ಕೆ ಜೈಲು ಸೇರಿ ಮರಳಿದರು. ಊರಿಗೆ ಬಂದು ಕ್ರಿಸ್ ಬಾರ್ಬರ್ ಮೊದಲಾದವರ ಜೊತೆ ತಂಡ ಕಟ್ಟಿದರು. ಕಛೇರಿಯ ವಿರಾಮದಲ್ಲಿ ಗಿಟಾರು, ಬಟ್ಟೆ ಒಗೆಯುವ ತಗಡಿನ ಹಲಗೆ ಹಿಡಿದು ಹಾಡುತ್ತಿದ್ದ ಲಾನಿ ಡೊನೆಗನ್ ಅವರ ಸ್ಕಿಫಲ್ ಹಾಡುಗಳು 1956ರಲ್ಲಿ ದೇಶವನ್ನೇ ಆವರಿಸಿದವು. ಲಿವರ್‌ಪೂಲ್‌ನ ಹುಡುಗರು ಆ ಹುಚ್ಚಿನಲ್ಲಿ ಕಟ್ಟಿದ ಸ್ಕಿಫಲ್ ತಂಡವೇ ಮುಂದೆ ಬೀಟಲ್ಸ್ ಆಯಿತು. ಬಾರ್ಬರ್ 1958ರಲ್ಲಿ ಮಡ್ಡಿ ವಾಟರ್ಸ್ ಅವರನ್ನು ಇಂಗ್ಲೆಂಡಿಗೆ ಕರೆಸಿದರು, ಅಲ್ಲಿನ ಬ್ಲೂಸ್ ಅಲೆಗೆ ಅದೂ ಒಂದು ಕಾರಣವಾಯಿತು. ಹಳತನ್ನು ಹಿಡಿಯಹೊರಟವರು ಹೊಸತಕ್ಕೆ ದಾರಿ ತೆರೆದರು. ಜೊತೆಗೂಡಿ ನುಡಿಸುವ ಅಭ್ಯಾಸವನ್ನು ಕಲಿತದ್ದರಿಂದ ಅದು ಸಾಧ್ಯವಾಯಿತು, ಬರೀ ತಟ್ಟೆ ಕೇಳಿದ್ದರಿಂದಲ್ಲ.

ನ್ಯೂ ಆರ್ಲಿಯನ್ಸ್‌ನಲ್ಲೇ 1961ರಲ್ಲಿ ಪ್ರಿಸರ್ವೇಷನ್ ಹಾಲ್ ಶುರುವಾಯಿತು. ಅಲನ್ ಮತ್ತು ಸಾಂಡ್ರಾ ಜಾಫಿ ದಂಪತಿ ನಡೆಸಿದ ಆ ಹಳೆಯ ಕೋಣೆಯಲ್ಲಿ ಮದ್ಯವಿಲ್ಲ, ಧ್ವನಿವರ್ಧಕವಿಲ್ಲ. ವರ್ಣಭೇದ ಇನ್ನೂ ಜಾರಿಯಲ್ಲಿದ್ದಾಗ ಕಪ್ಪು ವಾದಕರನ್ನು ಕೇಳಲು ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತರು. ಮಂಡಿಗೆ ಗೆಜ್ಜೆ ಕಟ್ಟಿಕೊಂಡು ಪಿಯಾನೊ ನುಡಿಸುತ್ತಿದ್ದ ಸ್ವೀಟ್ ಎಮ್ಮಾ ಬ್ಯಾರೆಟ್, ಜಾರ್ಜ್ ಲೂಯಿಸ್, ಕಿಡ್ ಥಾಮಸ್ ಅವರಂಥ ವೃದ್ಧರಿಗೆ ಅಲ್ಲಿ ದುಡಿಮೆ ಸಿಕ್ಕಿತು, ಘನತೆ ಸಿಕ್ಕಿತು. ಆದರೆ ಆ ವೃದ್ಧರ ನಂತರ ಯಾರು ಎಂಬುದಕ್ಕೆ ಹಾಲ್‌ನ ಬಳಿ ಆಗ ಉತ್ತರವಿರಲಿಲ್ಲ. ಕೇರಿಯ ಹುಡುಗರಿಗೆ ಅದು ಪ್ರವಾಸಿಗರ ಸಂಗೀತ, ತಾತಂದಿರ ಸಂಗೀತವಾಗಿತ್ತು. ದಕ್ಷಿಣದ ಬಿಳಿಯರನ್ನು ರಂಜಿಸುವ ವಿನಯದ ವೇಷ ಎಂಬ ಸಂಶಯವೂ ನಾಗರಿಕ ಹಕ್ಕುಗಳ ಹೋರಾಟದ ಕಾಲದ ಯುವಕರಲ್ಲಿತ್ತು. ಆ ಸಂಶಯಕ್ಕೆ ಕಾರಣಗಳಿದ್ದವು.

ಉತ್ತರ ಕೊಟ್ಟವರು ಡ್ಯಾನಿ ಬಾರ್ಕರ್. ಈ ಇಡೀ ಕತೆಯಲ್ಲಿ ಅವರಷ್ಟು ಮುಖ್ಯರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೇನೆ. 1909ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ಹೋಗಿ ಕ್ಯಾಬ್ ಕ್ಯಾಲೋವೇ ಬ್ಯಾಂಡಿನಲ್ಲಿ ಗಿಟಾರು ಹಿಡಿದು, 1965ರಲ್ಲಿ ಊರಿಗೆ ಮರಳಿದವರು. 1970ರ ಸುಮಾರಿಗೆ ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಆಂಡ್ರ್ಯೂ ಡಾರ್ಬಿ ಅವರ ಜೊತೆ ಸೇರಿ ಹುಡುಗರ ಬ್ಯಾಂಡು ಕಟ್ಟಿದರು. ತಟ್ಟೆಗಳ ನಕಲು ಮಾಡಿಸಲಿಲ್ಲ. ಮಕ್ಕಳನ್ನು ಬೀದಿಗೆ ಕರೆದೊಯ್ದರು, ಮೆರವಣಿಗೆಯಲ್ಲಿ ನಡೆಸಿದರು, ಸಾವಿನ ಮನೆಯ ಮುಂದೆ ಹೇಗೆ ನಿಲ್ಲಬೇಕು, ಭಜನೆಯನ್ನು ಎಷ್ಟು ನಿಧಾನ ತೆಗೆದುಕೊಳ್ಳಬೇಕು, ಯಾವಾಗ ಕುಣಿತಕ್ಕೆ ತಿರುಗಬೇಕು ಎಂಬ ಪಾಠಾಂತರವನ್ನು ನಡೆನಡೆಯುತ್ತಲೇ ಕೊಟ್ಟರು. ಲೀರಾಯ್ ಜೋನ್ಸ್, ಡಾ. ಮೈಕೆಲ್ ವೈಟ್, ಬಾಲಕ ವಿಂಟನ್ ಮಾರ್ಸಾಲಿಸ್ ಅವರ ಹೆಸರುಗಳು ಆ ಬ್ಯಾಂಡಿನ ಜೊತೆ ಸೇರಿವೆ. 1977ರಲ್ಲಿ ಬಂದ ಡರ್ಟಿ ಡಜನ್ ಬ್ರಾಸ್ ಬ್ಯಾಂಡಿನ ಬೇರೂ ಅಲ್ಲೇ ಇದೆ. ಅವರು ಬೀದಿ ಮೆರವಣಿಗೆಗೆ ಬೀಬಾಪ್ ತಂದರು, ಫಂಕ್ ತಂದರು. 1983ರಲ್ಲಿ ಟ್ರೆಮೆ ಕೇರಿಯ ಶಾಲಾ ಹುಡುಗರು ರೀಬರ್ತ್ ಬ್ರಾಸ್ ಬ್ಯಾಂಡ್ ಕಟ್ಟಿದರು. 2012ರಲ್ಲಿ ಅವರಿಗೆ ಗ್ರ್ಯಾಮಿ ಬಂತು.

ಇದರಲ್ಲಿ ನಷ್ಟವೂ ಇದೆ. ಹೊಸ ಬ್ಯಾಂಡುಗಳಲ್ಲಿ ಕ್ಲ್ಯಾರಿನೆಟ್ ಬಹುತೇಕ ಮಾಯವಾಯಿತು. ಟ್ಯೂಬಾ ಮತ್ತು ಡೋಲುಗಳ ಅಬ್ಬರದಲ್ಲಿ ಅದರ ಸಣ್ಣ ದನಿ ನಿಲ್ಲುವುದಿಲ್ಲ. ನಿಧಾನದ ಭಜನೆಗಳನ್ನು ಬಲ್ಲವರು ಕಡಿಮೆಯಾದರು. ಮೈಕೆಲ್ ವೈಟ್ ಆ ಹಳೆಯ ಕ್ಲ್ಯಾರಿನೆಟ್ ಬಾಣಿಯನ್ನು ಹೊತ್ತುಕೊಂಡವರು, ಈ ನಷ್ಟದ ಬಗ್ಗೆ ಅವರಿಗಿರುವ ನೋವು ನ್ಯಾಯವಾದದ್ದು. ಆದರೂ ಮೆರವಣಿಗೆ ಉಳಿಯಿತು, ಸಾವಿಗೆ ಬ್ಯಾಂಡು ಬೇಕೆಂಬ ನಂಬಿಕೆ ಉಳಿಯಿತು, ಹನ್ನೆರಡು ವರ್ಷದ ಹುಡುಗನ ಕೈಗೆ ಟ್ರೊಂಬೋನ್ ಬರುವ ದಾರಿ ಉಳಿಯಿತು. ಇವು ಉಳಿದರೆ ಕ್ಲ್ಯಾರಿನೆಟ್ ಮರಳಿ ಬರಬಹುದು. ಇವು ಹೋಗಿ ಕ್ಲ್ಯಾರಿನೆಟ್ ಒಂದೇ ಉಳಿದರೆ ಅದು ವಸ್ತುಸಂಗ್ರಹಾಲಯ ಸೇರುತ್ತದೆ.

ಈಗಿನ ಅಲೆಗೆ ಮೂಲಗಳು ಹಲವು. ನ್ಯೂಯಾರ್ಕಿನ ವಿನ್ಸ್ ಜಿಯೊರ್ಡಾನೊ ಹಳೆಯ ಲಿಪಿಗಳನ್ನು ದಶಕಗಟ್ಟಲೆ ಕೂಡಿಟ್ಟು, 1920ರ ದಶಕದ ನಾದವನ್ನು ಸ್ವರಸ್ವರವಾಗಿ ಮರಳಿಸುತ್ತಾರೆ. ‘ಬೋರ್ಡ್‌ವಾಕ್ ಎಂಪೈರ್’ ಧಾರಾವಾಹಿಯ ಮೂಲಕ ಅದು ಮನೆಮನೆ ತಲುಪಿತು. ನ್ಯೂ ಆರ್ಲಿಯನ್ಸ್‌ನ ರಾಯಲ್ ಬೀದಿಯಲ್ಲಿ 2009ರಿಂದ ನುಡಿಸುತ್ತಿರುವ ಟ್ಯೂಬಾ ಸ್ಕಿನ್ನಿ ತಂಡ ಯಾರೂ ನೆನೆಯದ ಹಾಡುಗಳನ್ನು ಹುಡುಕಿ ತರುತ್ತದೆ. ದಾರಿಹೋಕರು ಮೊಬೈಲಿನಲ್ಲಿ ಹಿಡಿದು ಹಾಕಿದ ವಿಡಿಯೋಗಳಿಂದಲೇ ಅದಕ್ಕೆ ಜಗತ್ತಿನಾದ್ಯಂತ ಅಭಿಮಾನಿಗಳಾದರು. ಆ ತಂಡದ ಶೇ ಕಾನ್ ಅವರ ಕಾರ್ನೆಟ್ ಎಂದೂ ಮೆರೆಯುವುದಿಲ್ಲ, ಇತರರಿಗೆ ಜಾಗ ಬಿಟ್ಟುಕೊಂಡೇ ನಡೆಸುತ್ತದೆ. ಆಲಿವರ್ ಪಾಠ ಅದೇ. ಬಾರ್ಸಿಲೋನಾದಲ್ಲಿ ಜೋನ್ ಚಮೊರೊ 2006ರಲ್ಲಿ ಶುರುಮಾಡಿದ ಸಂತ್ ಆಂದ್ರೆಯು ಜಾಝ್ ಬ್ಯಾಂಡಿನಲ್ಲಿ ಮಕ್ಕಳು ಲಿಪಿಗಿಂತ ಮೊದಲು ಕಿವಿಯಿಂದ ಕಲಿಯುತ್ತಾರೆ. ಇವೆಲ್ಲಕ್ಕೂ ಬೆನ್ನೆಲುಬಾಗಿ ಕುಣಿಯುವವರಿದ್ದಾರೆ. ಹಾರ್ಲೆಮ್‌ನ ಸವಾಯ್ ನೃತ್ಯಶಾಲೆಯ ಫ್ರಾಂಕಿ ಮ್ಯಾನಿಂಗ್ ನೃತ್ಯ ಬಿಟ್ಟು ಅಂಚೆ ಇಲಾಖೆಯಲ್ಲಿ ದುಡಿಯುತ್ತಿದ್ದರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ, ಸ್ವೀಡನ್ ಕಡೆಯ ಯುವಕರು ಅವರನ್ನು ಹುಡುಕಿ ಲಿಂಡಿ ಹಾಪ್ ಕಲಿತರು. ಇಂದು ಅನೇಕ ಹಳೆಯ ಬಾಣಿಯ ಬ್ಯಾಂಡುಗಳಿಗೆ ಕೆಲಸ ಕೊಡುವವರು ಆ ನೃತ್ಯಗಾರರ ಶಿಷ್ಯರ ಶಿಷ್ಯರು.

ಭಾರತಕ್ಕೂ ಈ ಸಂಗೀತ ಬೇಗನೇ ಬಂದಿತ್ತು. ಶಿಕಾಗೊದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದ್ದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ನುಡಿಸಿದರು, 1945ರಲ್ಲಿ ಕಲ್ಕತ್ತದಲ್ಲಿ ಕಾಲರಾದಿಂದ ತೀರಿಕೊಂಡರು. ಅವರಂಥವರನ್ನು ಕೇಳಿ ಕಲಿತ ಗೋವೆಯ ವಾದಕರು ಹಿಂದಿ ಸಿನಿಮಾ ಸಂಗೀತಕ್ಕೆ ಹೋದರು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕರ ನಾದ 1951ರ ‘ಅಲ್ಬೇಲಾ’ ಹಾಡುಗಳಲ್ಲಿದೆ. ಅಲ್ಲಿ ಅದು ಜಾಝ್ ಹೆಸರು ಕಳಚಿ ಸಿನಿಮಾ ಹಾಡಾಗಿ ಬದುಕಿತು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಕೇಳಿ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. 1980ರ ಬೊಂಬಾಯಿ ಜಾಝ್ ಯಾತ್ರಾದಲ್ಲಿ ಅವರನ್ನು ಕೇಳಿ ಅಮೆರಿಕದ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಲು ಬಂದರು. ದಕ್ಷಿಣ ಕನ್ನಡದ ಮದುವೆ, ಉತ್ಸವಗಳಲ್ಲಿ ಇಂದು ಸ್ಯಾಕ್ಸೊಫೋನ್ ನಾಗಸ್ವರದ ಜಾಗದಲ್ಲಿ ನಿಂತಿದೆ. ವಾದ್ಯ ಎಲ್ಲಿಂದ ಬಂದರೂ ಊರಿನ ಕಾರ್ಯಕ್ಕೆ ಹೆಗಲು ಕೊಟ್ಟಾಗಲೇ ಅದು ಊರಿನದಾಗುವುದು ಎಂಬುದಕ್ಕೆ ನ್ಯೂ ಆರ್ಲಿಯನ್ಸ್‌ವರೆಗೆ ಹೋಗಬೇಕಿಲ್ಲ.

ಜಪಾನಿನ ಕತೆಯನ್ನು ಬಿಡಲು ಮನಸ್ಸಿಲ್ಲ. ಟ್ರಂಪೆಟ್ ವಾದಕ ಯೋಶಿಯೊ ತೊಯಾಮಾ 1968ರಲ್ಲಿ ಪತ್ನಿ ಕೇಕೊ ಜೊತೆ ನ್ಯೂ ಆರ್ಲಿಯನ್ಸ್‌ಗೆ ಬಂದು, ಅಲ್ಲಿನ ಹಿರಿಯರ ನಡುವೆ ಇದ್ದು ಕಲಿತರು. 1990ರ ದಶಕದಲ್ಲಿ ಆ ಊರಿನ ಬಡಾವಣೆಗಳಲ್ಲಿ ಬಂದೂಕು ಹೆಚ್ಚಿದ್ದನ್ನು ಕಂಡು, ಜಪಾನಿನಿಂದ ವಾದ್ಯಗಳನ್ನು ಕೂಡಿಸಿ ಅಲ್ಲಿನ ಶಾಲೆಗಳಿಗೆ ಕಳಿಸತೊಡಗಿದರು. 2011ರ ಸುನಾಮಿಯಲ್ಲಿ ಕೆಸೆನ್ನುಮಾ ಪಟ್ಟಣದ ಮಕ್ಕಳ ಜಾಝ್ ತಂಡ ತನ್ನ ವಾದ್ಯಗಳನ್ನು ಕಳೆದುಕೊಂಡಾಗ, ಅವಕ್ಕೆ ಹಣ ಬಂದದ್ದು ನ್ಯೂ ಆರ್ಲಿಯನ್ಸ್‌ನಿಂದ.

ಹಾಗೆ ಕೊಟ್ಟ ಊರು ತಾನೇ ಆರು ವರ್ಷದ ಹಿಂದೆ ಮುಳುಗಿತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಮೈಕೆಲ್ ವೈಟ್ ಅವರ ಮನೆ ನೀರಿನಡಿ ಹೋಗಿ, ಹಳೆಯ ಕ್ಲ್ಯಾರಿನೆಟ್‌ಗಳು, ತಟ್ಟೆಗಳು, ಕಾಗದಪತ್ರಗಳೆಲ್ಲ ನಾಶವಾದವು. ವಾದಕರು ಬೇರೆ ರಾಜ್ಯಗಳಿಗೆ ಚದುರಿದರು. ಮರಳಿದವರು ಭಾನುವಾರದ ಮೆರವಣಿಗೆ ಹೊರಡಿಸಹೊರಟರೆ ನಗರಾಡಳಿತ ಪರವಾನಗಿ ಶುಲ್ಕವನ್ನು ಹಲವು ಪಟ್ಟು ಏರಿಸಿತ್ತು, ಸಂಘಗಳು ನ್ಯಾಯಾಲಯಕ್ಕೆ ಹೋಗಿ ಅದನ್ನು ಇಳಿಸಿಕೊಳ್ಳಬೇಕಾಯಿತು. 2007ರ ಅಕ್ಟೋಬರ್‌ನಲ್ಲಿ ಟ್ರೆಮೆಯಲ್ಲಿ, ತೀರಿಕೊಂಡ ಟ್ಯೂಬಾ ವಾದಕರೊಬ್ಬರಿಗಾಗಿ ರಾತ್ರಿ ಬೀದಿಯಲ್ಲಿ ಭಜನೆ ನುಡಿಸುತ್ತಿದ್ದವರನ್ನು ಪೊಲೀಸರು ತಡೆದು ಇಬ್ಬರನ್ನು ಬಂಧಿಸಿದರು. ನೂರು ವರ್ಷದಿಂದ ಆ ಬೀದಿಯಲ್ಲಿ ನಡೆದುಬಂದದ್ದನ್ನೇ ಅವರು ಮಾಡುತ್ತಿದ್ದರು. ಮರುದಿನ ಪರವಾನಗಿ ಹಿಡಿದು ಮತ್ತೆ ಬೀದಿಗಿಳಿದರು. ಬಂಧಿತರಲ್ಲೊಬ್ಬರು ರೀಬರ್ತ್ ಬ್ಯಾಂಡಿನ ತಾಳವಾದಕ ಡೆರಿಕ್ ಟ್ಯಾಬ್. ಆ ಹೊತ್ತಿಗೇ ಅವರು ‘ರೂಟ್ಸ್ ಆಫ್ ಮ್ಯೂಸಿಕ್’ ಎಂಬ ಸಂಸ್ಥೆ ಕಟ್ಟುತ್ತಿದ್ದರು. ಚಂಡಮಾರುತದ ನಂತರ ಶಾಲೆಗಳಲ್ಲಿ ಬ್ಯಾಂಡು ತರಗತಿಗಳು ನಿಂತುಹೋಗಿದ್ದವು. ಟ್ಯಾಬ್ ಅವರ ಸಂಸ್ಥೆಯಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ವಾದ್ಯ, ಪಾಠ, ಬಿಸಿ ಊಟ, ಮನೆಗೆ ಬಿಡುವ ಬಸ್ಸು ಎಲ್ಲವೂ ಉಚಿತ, ಮತ್ತು ಹಬ್ಬದ ಕಾಲ ಬಂದರೆ ಆ ಮಕ್ಕಳ ಬ್ಯಾಂಡು ಮಾರ್ಡಿ ಗ್ರಾ ಮೆರವಣಿಗೆಯಲ್ಲಿ ಮೈಲಿಗಟ್ಟಲೆ ನಡೆಯುತ್ತದೆ.